ಪಡ್ರೆಯ ಹುಡುಗರು ಮತ್ತು ನಾವು ನೋಡದೆ ಬಿಟ್ಟ ಮೈ



ಮೂತ್ರಾಂಗ ಮತ್ತು ಜನನಾಂಗಗಳ ರಚನೆ, ಅವುಗಳ ದೇಹಪರೀಕ್ಷೆ ಎಂದು ಈ ದತ್ತಿ ಉಪನ್ಯಾಸಕ್ಕೆ ನಾನು ವಿಷಯ ಕೊಟ್ಟಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ಅದು 'ಮೂತ್ರಪಿಂಡದ ಆರೋಗ್ಯ' ಎಂದಾಗಿದೆ. ಬದಲಾಯಿಸಿದವರ ಮೇಲೆ ನನಗೆ ಬೇಸರವಿಲ್ಲ. ಮೂತ್ರಪಿಂಡ ಮರ್ಯಾದಸ್ಥ ಅಂಗ. ಅದರಿಂದ ಒಂದು ಗೇಣು ಕೆಳಗಿಳಿದರೆ ನಮ್ಮ ಸಭೆಗಳಿಗೆ ಕೆಮ್ಮು ಬರುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದೂ ಆ ಕೆಮ್ಮಿನ ವಿಷಯವನ್ನೇ. ಅದರಿಂದ ನಮ್ಮ ಕಾಸರಗೋಡು ಜಿಲ್ಲೆಗೆ ಎಷ್ಟು ನಷ್ಟವಾಗಿದೆ ಎಂಬುದಕ್ಕೆ ಅಚ್ಚಾದ ದಾಖಲೆ ಇದೆ.

2003ರ ಡಿಸೆಂಬರಿನಲ್ಲಿ ಅಮೆರಿಕದ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಬರೆದವರು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಹಬೀಬುಲ್ಲಾ ಸಯ್ಯದ್ ಮತ್ತು ಅವರ ಸಹೋದ್ಯೋಗಿಗಳು. ಅದರಲ್ಲಿರುವುದು ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆ ಕಡೆಯ 117 ಶಾಲಾ ಹುಡುಗರು, 10ರಿಂದ 19 ವರ್ಷದವರು. ಅವರ ಜೊತೆ ಹೋಲಿಕೆಗೆ, ಸುಮಾರು 20 ಕಿಲೋಮೀಟರ್ ಆಚೆಯ, ಹೆಲಿಕಾಪ್ಟರಿನಿಂದ ಮದ್ದು ಬಿಡದ ಇನ್ನೊಂದು ಹಳ್ಳಿಯ 90 ಹುಡುಗರು. ಆ ಮದ್ದು, ಎಂಡೋಸಲ್ಫಾನ್ ಎಂಬ ಕೀಟನಾಶಕ, ಗಂಡುಮಕ್ಕಳ ಬೆಳವಣಿಗೆಗೆ ಏನು ಮಾಡಿದೆ ಎಂಬುದು ಪ್ರಶ್ನೆ. ಉತ್ತರ ಹುಡುಕಿದ ಮೊದಲ ಸಾಧನ ರಕ್ತಪರೀಕ್ಷೆಯಲ್ಲ, ಸ್ಕ್ಯಾನಿಂಗ್ ಅಲ್ಲ. ವೈದ್ಯರೊಬ್ಬರು ಹುಡುಗನ ಚಡ್ಡಿ ಇಳಿಸಿ ಕಣ್ಣಿನಿಂದ ನೋಡಿದ್ದು, ಬೆರಳಿನಿಂದ ಮುಟ್ಟಿದ್ದು, ಅಷ್ಟೆ.

ಹಿನ್ನೆಲೆ ನಿಮಗೆ ಹೊಸದಲ್ಲ, ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳು ಗುಡ್ಡದ ಮೇಲೆ. ನಮ್ಮ ಮನೆ, ಅಡಿಕೆ ತೋಟ, ನೀರಿನ ಸುರಂಗ, ತೋಡು ಎಲ್ಲ ಕೆಳಗೆ. ಗೇರು ಹೂ ಬಿಡುವ ಕಾಲಕ್ಕೆ ಟೀ ಸೊಳ್ಳೆ ಎಂಬ ಕೀಟ ಬರುತ್ತದೆಂದು 1970ರ ದಶಕದ ಕೊನೆಯಿಂದ 2000ದ ಡಿಸೆಂಬರ್‌ವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಆಕಾಶದಿಂದ ಮದ್ದು ಬಿಟ್ಟರು. ಕಾಲು ತಿರುಚಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಮೊದಲೇ ಬರೆದಿದ್ದರು. ವಾಣಿನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಒಂದೇ ಕಣಿವೆಯ ಮನೆಮನೆಗಳಲ್ಲಿ ಕಾಯಿಲೆಗಳು ಗುಂಪುಗೂಡಿರುವುದನ್ನು ಗಮನಿಸಿದರು. ಪೆರಿಯದ ಲೀಲಾಕುಮಾರಿಯಮ್ಮ ಕೋರ್ಟಿಗೆ ಹೋಗಿ 2000ದಲ್ಲಿ ತಡೆಯಾಜ್ಞೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನಮ್ಮ ರಕ್ತ, ನೀರು, ಹಾಲು ಪರೀಕ್ಷಿಸಿ ವಿಷವಿದೆ ಎಂದಿತು. ಇನ್ನೊಂದು ಪ್ರಯೋಗಾಲಯ ಇಲ್ಲ ಎಂದಿತು. ಎರಡು ಲ್ಯಾಬುಗಳ ಜಗಳದ ನಡುವೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಳಿದ ಮೇಲೆ ಅಹಮದಾಬಾದಿನ ತಂಡ ಬಂತು.

ಇನ್ನು ಅಂಗರಚನೆ. ಅದಿಲ್ಲದೆ ಆ ವೈದ್ಯರು ಏನನ್ನು ಹುಡುಕುತ್ತಿದ್ದರು ಎಂಬುದು ತಿಳಿಯುವುದಿಲ್ಲ.

ಮೂತ್ರಪಿಂಡಗಳಿರುವುದು ಹೊಟ್ಟೆಯ ಹಿಂಗೋಡೆಗೆ ಒತ್ತಿಕೊಂಡು, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಒಂದೊಂದೂ ಸುಮಾರು 11 ಸೆಂಟಿಮೀಟರ್ ಉದ್ದ. ಮೇಲೆ ಪಿತ್ತಜನಕಾಂಗ ಕುಳಿತಿರುವುದರಿಂದ ಬಲಗಡೆಯದ್ದು ಸ್ವಲ್ಪ ಕೆಳಗೆ. ಹಾಗಾಗಿ ಒಂದು ಕೈ ಬೆನ್ನಿಗೆ ಕೊಟ್ಟು ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟು 'ಉಸಿರು ಎಳೆದುಕೊಳ್ಳಿ' ಎಂದರೆ, ತೆಳ್ಳಗಿನವರಲ್ಲಿ ಬಲಗಡೆಯ ತುದಿ ಕೈಗೆ ತಾಕಬಹುದು. ಎಡಗಡೆಯದ್ದು ಸಾಮಾನ್ಯವಾಗಿ ತಾಕುವುದಿಲ್ಲ, ತಾಕಿದರೆ ಯೋಚಿಸಬೇಕು. ಅಲ್ಲಿಂದ 25 ಸೆಂಟಿಮೀಟರಿನಷ್ಟು ಉದ್ದದ ಮೂತ್ರನಾಳ ಇಳಿದು ಮೂತ್ರಕೋಶ ಸೇರುತ್ತದೆ. ಮೂತ್ರಕೋಶ ಖಾಲಿಯಿದ್ದಾಗ ಕಿಬ್ಬೊಟ್ಟೆಯ ಮೂಳೆಯ ಹಿಂದೆ ಅಡಗಿರುತ್ತದೆ; ತುಂಬಿದಾಗ ಮೇಲೆದ್ದು ಬರುತ್ತದೆ, ಬೆರಳಿನಿಂದ ಬಡಿದರೆ ಮಂದ ಸದ್ದು. 'ಅಜ್ಜನಿಗೆ ತಡೆಯುವುದಕ್ಕೇ ಆಗುವುದಿಲ್ಲ, ತೊಟ್ಟು ತೊಟ್ಟು ಹೋಗುತ್ತಲೇ ಇರುತ್ತದೆ' ಎಂದು ಮನೆಯವರು ಕರೆತರುತ್ತಾರೆ. ಹೊಟ್ಟೆ ಬಡಿದು ನೋಡಿದರೆ ಮೂತ್ರಕೋಶ ಹೊಕ್ಕುಳದವರೆಗೆ ತುಂಬಿ ನಿಂತಿರುತ್ತದೆ: ತಡೆಯಲಾಗದ್ದಲ್ಲ, ಹೊರಗೆ ಹೋಗಲಾಗದೆ ತುಂಬಿ ಚೆಲ್ಲುತ್ತಿರುವುದು. ಎರಡಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಅಜ್ಜನಿಗೆ ಅಪಾಯ. ಕಿಬ್ಬೊಟ್ಟೆಯ ಮೇಲೆ ನಾಲ್ಕು ಸಲ ಬೆರಳು ಬಡಿದರೆ ಗೊತ್ತಾಗುವ ವಿಷಯ ಇದು. ಹೆಂಗಸರಲ್ಲಿ ಮೂತ್ರದ ಹೊರದಾರಿ 4 ಸೆಂಟಿಮೀಟರ್ ಮಾತ್ರ, ಗಂಡಸರಲ್ಲಿ ಅದರ ನಾಲ್ಕೈದು ಪಟ್ಟು. ಉರಿಮೂತ್ರ ಹೆಂಗಸರಿಗೇ ಹೆಚ್ಚು ಬರುವುದಕ್ಕೆ ಇದೊಂದು ಕಾರಣ. ಇಡೀ ದಿನ ತೋಟದಲ್ಲಿ ಒಂದಕ್ಕೆ ಹೋಗಲು ಮರೆಯಿಲ್ಲದೆ ಕಟ್ಟಿಕೊಳ್ಳುವುದು ಮತ್ತೊಂದು.

ಈಗ ಕೆಮ್ಮಿನ ಜಾಗಕ್ಕೆ ಬಂದೆವು. ವೃಷಣಗಳು ಈಗಿರುವಲ್ಲಿ ಹುಟ್ಟುವುದಿಲ್ಲ. ಅವು ಭ್ರೂಣದ ಹೊಟ್ಟೆಯೊಳಗೆ, ಮೂತ್ರಪಿಂಡದ ನೆರೆಯಲ್ಲಿ ರೂಪುಗೊಳ್ಳುತ್ತವೆ. ಗರ್ಭದ ಏಳನೆಯ ತಿಂಗಳ ಹೊತ್ತಿಗೆ ತೊಡೆಸಂದಿನ ಕಾಲುವೆಯ ಮೂಲಕ ಇಳಿಯತೊಡಗಿ ಚೀಲ ಸೇರುತ್ತವೆ. ಊರು ಬಿಟ್ಟರೂ ತವರಿನ ಸಂಬಂಧ ಕಡಿಯುವುದಿಲ್ಲ. ರಕ್ತನಾಳ ಬರುವುದು ಮೂತ್ರಪಿಂಡದ ಮಟ್ಟದಿಂದಲೇ. ನೋವಿನ ನರಗಳ ಬೇರೂ ಅಲ್ಲಿಯದೇ. ಬೇಸಗೆಯಲ್ಲಿ ಮೂತ್ರನಾಳಕ್ಕೆ ಕಲ್ಲು ಇಳಿದವನು ಸೊಂಟ ಹಿಡಿದುಕೊಂಡು ಬಂದು 'ನೋವು ಬೀಜಕ್ಕೆ ಎಳೆಯುತ್ತದೆ ಡಾಕ್ಟ್ರೆ' ಎನ್ನುವುದು ಇದಕ್ಕೇ. ಎಡ ವೃಷಣದ ಮಲಿನರಕ್ತ ಹೋಗಿ ಸೇರುವುದು ಎಡ ಮೂತ್ರಪಿಂಡದ ರಕ್ತನಾಳಕ್ಕೆ. ನಡುವಯಸ್ಸಿನ ಗಂಡಸಿಗೆ ಎಡಗಡೆ ಚೀಲದಲ್ಲಿ ರಕ್ತನಾಳಗಳು ಇದ್ದಕ್ಕಿದ್ದಂತೆ ಉಬ್ಬಿಕೊಂಡರೆ, ಅವನು ಮಲಗಿದ ಮೇಲೂ ಅವು ತಗ್ಗದಿದ್ದರೆ, ನೋಡಬೇಕಾದದ್ದು ಚೀಲವನ್ನಲ್ಲ, ಮೂತ್ರಪಿಂಡದಲ್ಲಿ ಗಡ್ಡೆ ಇದೆಯೇ ಎಂದು.

ಈ ಇಳಿಯುವ ಕೆಲಸವನ್ನು ಮಾಡಿಸುವುದು ಭ್ರೂಣದ ವೃಷಣಗಳೇ ಸ್ರವಿಸುವ ಹಾರ್ಮೋನುಗಳು. ಟೆಸ್ಟೊಸ್ಟಿರೋನ್ ಅವುಗಳಲ್ಲಿ ಮುಖ್ಯ. ಆ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುವ ರಾಸಾಯನಿಕವೊಂದು ತಾಯಿಯ ದೇಹ ಸೇರಿದ್ದರೆ, ಮಗುವಿನ ವೃಷಣ ಅರ್ಧದಾರಿಯಲ್ಲಿ ನಿಂತುಬಿಡಬಹುದು. ಹೊಟ್ಟೆಯಿಂದ ಚೀಲಕ್ಕೆ ಬಂದ ದಾರಿ ಮುಚ್ಚದೆ ಉಳಿದರೆ ಹುಟ್ಟಿನಿಂದಲೇ ಹರ್ನಿಯಾ, ಇಲ್ಲವೇ ನೀರು ತುಂಬಿದ ಹೈಡ್ರೋಸೀಲ್. ಎಂಡೋಸಲ್ಫಾನ್ ಇಲಿಗಳ ವೃಷಣಕ್ಕೆ ಹಾನಿ ಮಾಡುತ್ತದೆ ಎಂಬುದು ಪ್ರಯೋಗಗಳಿಂದ ಆಗಲೇ ತಿಳಿದಿತ್ತು. ತಂಡ ಪಡ್ರೆಯ ಹುಡುಗರಲ್ಲಿ ಹುಡುಕಿದ್ದು ಈ ಮೂರನ್ನು, ಜೊತೆಗೆ ಇನ್ನೊಂದನ್ನು: ಪ್ರಾಯಕ್ಕೆ ಬರುವುದು ತಡವಾಗಿದೆಯೇ?

ಹಿಂದಿನ ಸಾಲುಗಳಲ್ಲಿ ಕುಳಿತಿರುವ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಈ ಪರೀಕ್ಷೆ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಬಾಗಿಲು ಹಾಕಿರಬೇಕು, ಬೆಳಕು ಇರಬೇಕು, ತಂದೆಯೋ ತಾಯಿಯೋ ಒಳಗೆ ಇರಬೇಕು, ಏನು ಮಾಡುತ್ತೇನೆಂದು ಹುಡುಗನಿಗೇ ಹೇಳಿರಬೇಕು. ಕೈ ಬೆಚ್ಚಗಿರಬೇಕು. ಇದು ಸೌಜನ್ಯದ ಮಾತು ಮಾತ್ರವಲ್ಲ: ತಣ್ಣನೆಯ ಕೈ ತೊಡೆಗೆ ತಾಕಿದರೆ ಅಲ್ಲಿಯ ಸ್ನಾಯು ಸೆಳೆದು ವೃಷಣ ಮೇಲಕ್ಕೆ ಓಡುತ್ತದೆ, ಇದ್ದದ್ದೂ ಇಲ್ಲವೆಂದಾಗುತ್ತದೆ. ಮೊದಲು ನೋಡಿ, ಆಮೇಲೆ ಮುಟ್ಟಿ. ಚೀಲದ ಎರಡೂ ಬದಿ ತುಂಬಿದೆಯೇ? ಎಡಗಡೆಯದ್ದು ತುಸು ಕೆಳಗೆ ಇರುವುದು ಸಹಜ. ಮೂತ್ರದ್ವಾರ ತುದಿಯಲ್ಲೇ ಇದೆಯೇ, ಅಡಿಭಾಗಕ್ಕೆ ಸರಿದಿದೆಯೇ? ಬಳಿಕ ಒಂದು ಕೈಯನ್ನು ಸೊಂಟದ ಮೂಳೆಯ ಕಡೆಯಿಂದ ತೊಡೆಸಂದಿನ ಗುಂಟ ಮೆಲ್ಲಗೆ ಕೆಳಗೆ ಜಾರಿಸುತ್ತ ಬಂದು, ಇನ್ನೊಂದು ಕೈಯಿಂದ ಚೀಲದಲ್ಲಿ ವೃಷಣವನ್ನು ಹಿಡಿಯಬೇಕು. ಸಿಗದಿದ್ದರೆ ಹುಡುಗನನ್ನು ಚಕ್ಕಳಮಕ್ಕಳ ಹಾಕಿ ಕೂರಿಸಬೇಕು. ಆ ಭಂಗಿಯಲ್ಲಿ ಸ್ನಾಯು ಸಡಿಲವಾಗುತ್ತದೆ, ಓಡಿಹೋದದ್ದು ಇಳಿಯುತ್ತದೆ. ಹೀಗೆ ಇಳಿದು ಬಂದು ಚೀಲದಲ್ಲೇ ನಿಂತರೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ, ಆಗಾಗ ನೋಡುತ್ತಿದ್ದರೆ ಸಾಕು. ಎಷ್ಟು ಮಾಡಿದರೂ ಬರದಿದ್ದರೆ ಮಾತ್ರ ಅದು ಇಳಿಯದ ವೃಷಣ. ಚೀಲ ಊದಿಕೊಂಡಿದ್ದರೆ ಕೋಣೆ ಕತ್ತಲು ಮಾಡಿ ಹಿಂದಿನಿಂದ ಟಾರ್ಚ್ ಹಿಡಿಯಿರಿ: ನೀರಾದರೆ ಕೆಂಪಗೆ ಬೆಳಗುತ್ತದೆ. ಎಳೆ ಮಕ್ಕಳಲ್ಲಿ ಹರ್ನಿಯಾ ಕೂಡ ಬೆಳಗಿ ಮೋಸಮಾಡಬಹುದು, ಅದನ್ನೂ ನೆನಪಿಡಿ. ಕೊನೆಗೆ ಹುಡುಗನನ್ನು ನಿಲ್ಲಿಸಿ ಕೆಮ್ಮಿಸಬೇಕು. ಮಲಗಿದ್ದಾಗ ಕಾಣದ ಹರ್ನಿಯಾ ಆಗ ಕಾಣುತ್ತದೆ. ಇಷ್ಟಕ್ಕೂ ಮೂರು ನಿಮಿಷ ಸಾಕು.

ಪ್ರಾಯದ ಬೆಳವಣಿಗೆ ಅಳೆಯುವುದಕ್ಕೆ ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಮತ್ತು ಮಾರ್ಷಲ್ 1970ರಲ್ಲಿ ಪ್ರಕಟಿಸಿದ ಐದು ಹಂತಗಳಿವೆ. ಲಂಡನ್ನಿನ ಬಳಿಯ ಹಾರ್ಪೆಂಡೆನ್ ಎಂಬಲ್ಲಿಯ ಅನಾಥಾಲಯದ ಮಕ್ಕಳನ್ನು ವರ್ಷಗಟ್ಟಲೆ ನೋಡಿ ಮಾಡಿದ್ದು. ವೃಷಣದ ಗಾತ್ರ ಅಳೆಯಲು ಜ್ಯೂರಿಕ್‌ನ ಆಂಡ್ರಿಯಾ ಪ್ರಾಡರ್ 1966ರಲ್ಲಿ ಇನ್ನೂ ಸರಳ ಸಾಧನ ಕೊಟ್ಟ: ಜಪಮಾಲೆಯ ಹಾಗೆ ದಾರಕ್ಕೆ ಪೋಣಿಸಿದ 12 ಮಣಿಗಳು, 1 ಮಿಲಿಲೀಟರಿನಿಂದ 25ರವರೆಗೆ. ಒಂದು ಕೈಯಲ್ಲಿ ಮಣಿ, ಇನ್ನೊಂದರಲ್ಲಿ ಹುಡುಗನ ವೃಷಣ, ಬೆರಳುಗಳೇ ತಕ್ಕಡಿ. 4ರ ಮಣಿಗೆ ಸಮನಾದರೆ ಪ್ರಾಯ ಶುರುವಾಗಿದೆ ಎಂದರ್ಥ. ಮೀಸೆ, ದನಿ ಒಡೆಯುವುದು ಎಲ್ಲ ಆಮೇಲೆ. ಮನೆಯವರ ಕಣ್ಣಿಗೆ ಬೀಳುವುದು ಅವು, ಮೊದಲು ಆಗುವುದು ಇದು.

ಪಡ್ರೆಯಲ್ಲಿ ಕಂಡದ್ದೇನು? ವಯಸ್ಸು ಹೆಚ್ಚಿದಂತೆ ಎರಡೂ ಊರಿನ ಹುಡುಗರಲ್ಲಿ ಹಂತಗಳು ಏರಿದ್ದವು, ಅದು ಆಗಲೇಬೇಕು. ಆದರೆ ಅದೇ ವಯಸ್ಸಿಗೆ ಹೋಲಿಸಿದಾಗ, ಮದ್ದಿನಡಿಯಲ್ಲಿ ಬೆಳೆದವರಲ್ಲಿ ರೋಮ, ವೃಷಣ, ಶಿಶ್ನ ಮೂರರ ಬೆಳವಣಿಗೆಯೂ ಹಿಂದೆ ಬಿದ್ದಿತ್ತು. ರಕ್ತ ಪರೀಕ್ಷೆಯಾದದ್ದು ಪಡ್ರೆಯ 70, ಇನ್ನೊಂದು ಊರಿನ 47 ಹುಡುಗರಲ್ಲಿ. ಎಂಡೋಸಲ್ಫಾನಿನ ಸರಾಸರಿ ಇಲ್ಲಿ ನೂರು ಕೋಟಿಗೆ 7.47 ಭಾಗ, ಅಲ್ಲಿ 1.37. ಕೊನೆಯ ಸಿಂಪಡಣೆ ಕಳೆದು ತಿಂಗಳುಗಳಾದ ಮೇಲೆ ತೆಗೆದ ರಕ್ತ ಅದು. ಟೆಸ್ಟೊಸ್ಟಿರೋನ್ ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಹೆಚ್ಚಿತ್ತು.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಈ ಕೊನೆಯ ಸಾಲು. ಎಲ್‌ಎಚ್ ಬರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ, 'ಟೆಸ್ಟೊಸ್ಟಿರೋನ್ ಮಾಡು' ಎಂದು ವೃಷಣಕ್ಕೆ ಹೇಳುವುದು ಅದರ ಕೆಲಸ. ಊಟ ಸಾಲದ, ಸೊರಗಿದ ಹುಡುಗನಿಗೂ ಪ್ರಾಯ ತಡವಾಗುತ್ತದೆ. ಆದರೆ ಅವನಲ್ಲಿ ಮೇಲಿನ ಆಜ್ಞೆಯೇ ಕಡಿಮೆ, ಎಲ್‌ಎಚ್ ಕೂಡ ತಗ್ಗಿರುತ್ತದೆ. ಇಲ್ಲಿ ಆಜ್ಞೆ ಜೋರಾಗಿದೆ, ಕೆಲಸ ನಡೆದಿಲ್ಲ. ಎಂದರೆ ತೊಂದರೆ ವೃಷಣದ ಮಟ್ಟದಲ್ಲೇ ಇದೆ ಎಂದು ಅನುಮಾನಿಸಲು ಕಾರಣವಿದೆ. 'ಬಡತನ, ಪೌಷ್ಟಿಕಾಂಶದ ಕೊರತೆ' ಎಂದು ಆಗ ಕೆಲವರು ಹೇಳುತ್ತಿದ್ದ ಸುಲಭದ ಉತ್ತರ ಇಲ್ಲಿ ಹೊಂದುವುದಿಲ್ಲ.

ಈಗ ಪ್ರಬಂಧದ ದುರ್ಬಲ ಭಾಗ. ಅದನ್ನು ಮುಚ್ಚಿಟ್ಟು ಮಾತಾಡುವುದು ಪಡ್ರೆಯ ಜನರಿಗೆ ಉಪಕಾರವಲ್ಲ. ಇಳಿಯದ ವೃಷಣ, ಹುಟ್ಟಿನ ಹೈಡ್ರೋಸೀಲ್, ಹುಟ್ಟಿನ ಹರ್ನಿಯಾ ಮೂರೂ ಸೇರಿ ಪಡ್ರೆಯಲ್ಲಿ ಶೇ. 5.1, ಇನ್ನೊಂದು ಊರಿನಲ್ಲಿ ಶೇ. 1.1. ಕೇಳುವಾಗ ಐದು ಪಟ್ಟು. ಶೇಕಡಾವಾರು ಬಿಟ್ಟು ತಲೆ ಎಣಿಸಿ: 117ರಲ್ಲಿ ಆರು ಹುಡುಗರು, 90ರಲ್ಲಿ ಒಬ್ಬ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಈ ಅಂತರ ಆಕಸ್ಮಿಕವಾಗಿಯೂ ಬರಬಹುದು ಎಂದು ಲೆಕ್ಕಶಾಸ್ತ್ರ ಹೇಳುತ್ತದೆ. ಲೇಖಕರೂ ಹಾಗೆಯೇ ಬರೆದಿದ್ದಾರೆ. ಮಾದರಿ ಚಿಕ್ಕದು, ಭಾಗವಹಿಸದೆ ಉಳಿದವರು ಇದ್ದಾರೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಕೀಟನಾಶಕ ಉದ್ಯಮದವರು ಹಿಡಿದದ್ದು ಇಂಥ ತುದಿಗಳನ್ನೇ.

ಭಾಗವಹಿಸದೆ ಉಳಿದವರು ಯಾಕೆ ಉಳಿದರು? ಹದಿನಾಲ್ಕು ವರ್ಷದ ಹುಡುಗನಾಗಿ ನೀವೇ ನಿಂತು ನೋಡಿ. ಊರ ತುಂಬ ಪತ್ರಕರ್ತರು, ಶಾಲೆಗೆ ಬಂದ ಹೊರರಾಜ್ಯದ ವೈದ್ಯರು, ಚಡ್ಡಿ ಬಿಚ್ಚಬೇಕೆಂಬ ಸುದ್ದಿ ಗೆಳೆಯರ ಬಾಯಲ್ಲಿ. ಅಂಥ ದಿನ ಹೊಟ್ಟೆನೋವು ಬರುವುದು ಸಹಜ. ಹೀಗೆ ತಪ್ಪಿಸಿಕೊಂಡವನು ಸರಿಯಿದ್ದವನೋ, ಏನೋ ತೊಂದರೆ ಇದ್ದು ಅದನ್ನು ಮರೆಮಾಡಿದವನೋ, ಯಾರಿಗೆ ಗೊತ್ತು? ಲೆಕ್ಕ ಎತ್ತ ಬೇಕಾದರೂ ವಾಲಬಹುದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಇಪ್ಪತ್ತು ವರ್ಷ ಮದ್ದು ಬಿದ್ದ ಊರಿನಲ್ಲಿ ಅಷ್ಟೂ ವರ್ಷ ಮಕ್ಕಳು ಹುಟ್ಟಿದ್ದಾರೆ, ಲಸಿಕೆ ಹಾಕಿಸಿಕೊಂಡಿದ್ದಾರೆ, ಶಾಲೆಯಲ್ಲಿ ವೈದ್ಯಕೀಯ ತಪಾಸಣೆಗೆ ಸಾಲು ನಿಂತಿದ್ದಾರೆ. ಹಲ್ಲು, ಕಣ್ಣು, ಕಿವಿ, ತೂಕ ಎಲ್ಲ ಬರೆದುಕೊಂಡಿದ್ದೇವೆ. ಎರಡೂ ವೃಷಣ ಕೆಳಗಿದೆ ಎಂದು ಒಂದು ಗೆರೆ ಬರೆದಿದ್ದರೆ, ಆರು ಮತ್ತು ಒಂದರ ಜಾಗದಲ್ಲಿ ಇಡೀ ಪಂಚಾಯತಿನ ಸಾವಿರಾರು ಮಕ್ಕಳ ದಾಖಲೆ ಇರುತ್ತಿತ್ತು. ಹೌದೋ ಅಲ್ಲವೋ ಎಂದು ಅಂದೇ ತೀರ್ಮಾನವಾಗುತ್ತಿತ್ತು. ವಿಷಕ್ಕೆ ಪುರಾವೆ ಎಲ್ಲಿ ಎಂದು ಕೇಳಿದವರ ಮೇಲೆ ನಮಗೆಲ್ಲ ಸಿಟ್ಟಿದೆ, ನನಗೂ ಇದೆ. ಆದರೆ ಪುರಾವೆಯ ಒಂದು ಭಾಗ ನಮ್ಮ ಹುಡುಗರ ಚಡ್ಡಿಯೊಳಗೇ ಇತ್ತು. ನೋಡಲು ನಾಚಿದವರು ವೈದ್ಯರಾದ ನಾವು.

ಹುಡುಗಿಯರ ಮಾತು ಇನ್ನೂ ಕಷ್ಟದ್ದು. ಪ್ರಕಟವಾದ ಆ ಪ್ರಬಂಧದಲ್ಲಿ ಇರುವುದು ಹುಡುಗರು ಮಾತ್ರ. ಹುಡುಗಿಯರಲ್ಲಿ ಅಂಡಾಶಯ ಹೊಟ್ಟೆಯೊಳಗೇ ಉಳಿಯುವುದರಿಂದ ಕೈಗೆ ಸಿಗುವುದು ಕಡಿಮೆ, ಕೇಳಿ ತಿಳಿಯಬೇಕಾದದ್ದೇ ಹೆಚ್ಚು. ಕೇಳುವುದೂ ಒಂದು ಪರೀಕ್ಷೆ, ಕೇಳಬೇಕಾದದ್ದು ಅಮ್ಮನನ್ನಲ್ಲ, ಹುಡುಗಿಯನ್ನೇ. ಇದಕ್ಕೆ ಬೇರೊಂದು ಉಪನ್ಯಾಸ ಬೇಕು, ಅದನ್ನು ಹೆಣ್ಣುಮಗಳೊಬ್ಬರು ಕೊಡಲಿ.

ನಾಚಿಕೆಯಿಂದ ಆಗುವ ನಷ್ಟ ಅಂಕಿಅಂಶದ್ದು ಮಾತ್ರವೂ ಅಲ್ಲ. ವೃಷಣ ತನ್ನ ಹುರಿಯ ಮೇಲೆ ತಿರುಚಿಕೊಳ್ಳುವ ಒಂದು ತುರ್ತು ಇದೆ, ಹದಿಹರೆಯದಲ್ಲೇ ಹೆಚ್ಚು. ಆರು ಗಂಟೆಯೊಳಗೆ ಬಿಡಿಸಿದರೆ ಹೆಚ್ಚಾಗಿ ಉಳಿಯುತ್ತದೆ. ಒಂದು ದಿನ ಕಳೆದರೆ ಹೆಚ್ಚಾಗಿ ತೆಗೆಯಬೇಕು. ಹುಡುಗ ಹೇಳುವುದು 'ಹೊಟ್ಟೆನೋವು' ಎಂದು. ನರಗಳ ಬೇರು ಮೇಲಿರುವುದರಿಂದ ಅದು ಸುಳ್ಳೂ ಅಲ್ಲ. ಅಮ್ಮ ಜೀರಿಗೆ ಕಷಾಯ ಕೊಡುತ್ತಾಳೆ, ಅಂಗಡಿಯಿಂದ ಗ್ಯಾಸಿನ ಗುಳಿಗೆ ಬರುತ್ತದೆ, ಬೆಳಿಗ್ಗೆ ನೋಡೋಣ ಎಂದಾಗುತ್ತದೆ. ನಮ್ಮ ಪೆರ್ಲದಿಂದ ಮಂಗಳೂರಿನ ಆಸ್ಪತ್ರೆಗೆ ಹೋಗುವ ಹೊತ್ತನ್ನು ಅದಕ್ಕೆ ಕೂಡಿಸಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ನಮ್ಮ ಜಿಲ್ಲೆ ಆಸ್ಪತ್ರೆಗಳಿಗೆ ಮಂಗಳೂರನ್ನು ಎಷ್ಟು ನಂಬಿಕೊಂಡಿದೆ ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅಲ್ಲಿಂದ ವರ್ಷಗಟ್ಟಲೆ ಎಳೆದ ಅದರ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಟ್ಟೆನೋವೆಂದು ಬಂದ ಹುಡುಗನ ಹೊಟ್ಟೆ ನೋಡಿ ಕಳುಹಿಸುವುದು ಅರ್ಧ ಪರೀಕ್ಷೆ ಎಂದು ಕೆಳಗಿನ ದರ್ಜೆಯ ಆಸ್ಪತ್ರೆಯಿಂದ ಹಿಡಿದು ಎಲ್ಲರಿಗೂ ಗೊತ್ತಿದ್ದರೆ, ದಾರಿ ಉದ್ದವಿದ್ದರೂ ಹೊರಡುವುದು ಬೇಗ ಆಗುತ್ತದೆ.

ಇತ್ತೀಚೆಗೆ ತರುಣ ವೈದ್ಯರು ನನ್ನೊಡನೆ ಇನ್ನೊಂದು ಕಾರಣ ಹೇಳುತ್ತಾರೆ: ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾನೂನು ಬಂದ ಮೇಲೆ ಮಕ್ಕಳ ಆ ಭಾಗ ಮುಟ್ಟಲು ಹೆದರಿಕೆ. 2012ರ ಆ ಕಾನೂನಿನ 41ನೆಯ ಸೆಕ್ಷನ್ ಓದಿ ಎನ್ನುತ್ತೇನೆ. ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆಯಿಂದ ಮಾಡುವ ವೈದ್ಯಕೀಯ ಪರೀಕ್ಷೆಯನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಒಪ್ಪಿಗೆ ಕೇಳಿ, ಅವರನ್ನು ಒಳಗೆ ಕೂರಿಸಿ, ಬರೆದಿಡಿ. ಕಾನೂನು ಬೇಡವೆನ್ನುವುದು ಮುಚ್ಚಿದ ಕೋಣೆಯ ಗುಟ್ಟನ್ನು, ಪರೀಕ್ಷೆಯನ್ನಲ್ಲ.

ಸರ್ಕಾರದ ಕಡೆಗೂ ಒಂದು ಮಾತಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟರವರೆಗೆ ಮಕ್ಕಳ ತಪಾಸಣೆ ಮಾಡುವ ಒಳ್ಳೆಯ ಯೋಜನೆ. ಅದರ ಪಟ್ಟಿಯಲ್ಲಿ 9 ಜನ್ಮದೋಷಗಳಿವೆ: ಸೀಳುತುಟಿ, ತಿರುಚಿದ ಪಾದ, ಹೃದಯದ ದೋಷ, ಹೀಗೆ. ಇಳಿಯದ ವೃಷಣ ಅದರಲ್ಲಿ ಇಲ್ಲ. ತಿಂಗಳು ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಲ್ಲಿ ಹುಟ್ಟುವಾಗ ಇದು ಇರುತ್ತದೆ, ಮೊದಲ ಕೆಲವು ತಿಂಗಳಲ್ಲಿ ಅನೇಕರಲ್ಲಿ ತಾನೇ ಇಳಿದು ಕೊನೆಗೆ ಒಬ್ಬನಷ್ಟು ಉಳಿಯುತ್ತಾನೆ. ಅಂಥವನಿಗೆ ಮುಂದೆ ಬಂಜೆತನದ, ವೃಷಣದ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಹೆಚ್ಚು. ಬೇಗ ಶಸ್ತ್ರಚಿಕಿತ್ಸೆಯಾದರೆ ಅದು ತಗ್ಗುತ್ತದೆ. ದೇಶದ ಪಟ್ಟಿ ಬದಲಾಗುವವರೆಗೆ ಕಾಯಬೇಕಾಗಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಆದೇಶಿಸಿದ ಮೇಲೂ ಹಣಕ್ಕಾಗಿ ಅಲೆದವರಿದ್ದಾರೆ. ನಾನು ಹೇಳುವ ಕೆಲಸಕ್ಕೆ ಆದೇಶವೂ ಬೇಡ, ಹಣವೂ ಬೇಡ.

ಆರು ತಿಂಗಳಾದರೂ ಇಳಿಯದ ವೃಷಣ ಇನ್ನು ತಾನಾಗಿ ಇಳಿಯುವುದು ಅಪರೂಪ. ಹದಿನೆಂಟು ತಿಂಗಳ ಒಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಇವೆರಡರ ನಡುವೆ, ಒಂಬತ್ತು ತಿಂಗಳು ತುಂಬಿದಾಗ, ದಡಾರದ ಲಸಿಕೆಗೆ ಪ್ರತಿ ಗಂಡುಮಗುವೂ ಅಮ್ಮನ ಮಡಿಲಲ್ಲಿ ನಮ್ಮ ಎದುರಿಗೆ ಬರುತ್ತದೆ. ಆ ಹೊತ್ತಿಗೆ ಚಡ್ಡಿ ಹಾಕಿರುವುದೂ ಕಡಿಮೆ. ಸೂಜಿ ಚುಚ್ಚುವ ಮೊದಲು, ಮಗು ಅಳುವ ಮೊದಲು, ನರ್ಸ್ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಎರಡೂ ಇವೆಯೇ ಎಂದು ನೋಡಿ, ತಾಯಿ ಕಾರ್ಡಿನ ಅಂಚಿನಲ್ಲಿ 'ಎರಡೂ ಇದೆ' ಎಂದೋ 'ಬಲಗಡೆ ಇಲ್ಲ' ಎಂದೋ ಬರೆಯಬಹುದು. ಇಲ್ಲದಿದ್ದವನಿಗೆ ಶಸ್ತ್ರಚಿಕಿತ್ಸಕರನ್ನು ಕಾಣಲು ಆಗಲೂ ಒಂಬತ್ತು ತಿಂಗಳು ಕಾಲಾವಕಾಶ ಇರುತ್ತದೆ.